ಮೂಲ ಜಪಾನಿಯಲ್ಲೇ ಮಂಗಾ ಓದೋರು ಮೊದಲು ಫುರಿಗಾನ ನೋಡಿ
ಜಪಾನಿ ಅಕ್ಷರಮಾಲೆಗಳಾದ ಹಿರಗಾನ, ಕಟಕಾನ ಕಲಿತು ಮಂಗಾ (ಜಪಾನಿ ಕಾಮಿಕ್ಸ್) ಓದಲು ಹೊರಟಿದ್ದರೆ ಕಥೆ ಆಮೇಲೆ, ಮೊದಲು ಫುರಿಗಾನ ಇದೆಯೇ ನೋಡಿ. ಕಾಂಜಿಯ (ಚೀನೀ ಮೂಲದ ಅಕ್ಷರದ) ಬಲಮಗ್ಗುಲಲ್ಲಿ ಇರುವೆ ಸಾಲಿನಂತೆ ನಿಂತು ಅದರ ಉಚ್ಚಾರಣೆ ಹೇಳುವ ಪುಟ್ಟ ಅಕ್ಷರಗಳೇ ಅವು. ಉಚ್ಚಾರಣೆ ತಿಳಿದರೆ ನಿಘಂಟಿನಲ್ಲಿ ಪದ ಹುಡುಕುವುದು ಸಲೀಸು. ಹುಡುಗರಿಗೆಂದು ಬರುವ ಶೋನೆನ್, ಹುಡುಗಿಯರಿಗೆಂದು ಬರುವ ಶೋಜೊ ಪುಸ್ತಕಗಳಲ್ಲಿ ಫುರಿಗಾನ ಸಾಮಾನ್ಯವಾಗಿ ಇರುತ್ತದೆ. ದೊಡ್ಡವರಿಗೆಂದು ಬರುವ ಸೇನೆನ್‌ನಲ್ಲಿ ಬಹಳ ಸಲ ಕಷ್ಟದ ಪದಗಳಿಗಷ್ಟೇ.

ಅಗ್ಗಕ್ಕೆ ಸಿಕ್ಕಿತೆಂದು ಬುಂಕೊ (ಕಿಸೆ ಗಾತ್ರದ) ಆವೃತ್ತಿ ತರಿಸಬೇಡಿ. ಅದರ ಅಳತೆ ಸುಮಾರು 10.5 × 14.8 ಸೆಂ.ಮೀ. ಪುಟ ಕುಗ್ಗಿಸಿ ಅಚ್ಚು ಹಾಕುವುದರಿಂದ ಅಕ್ಷರದ ಮೂಲೆಯಲ್ಲಿರುವುದು ಎರಡು ಗೀಟೋ, ಸಣ್ಣ ಸೊನ್ನೆಯೋ ಕಾಣುವುದಿಲ್ಲ. ಗೀಟಿನ ‘ಬ’ ಹೋಗಿ ಸೊನ್ನೆಯ ‘ಪ’ ಆಗುತ್ತದೆ, ನಿಘಂಟು ಕೈಕೊಡುತ್ತದೆ. ಮಾಮೂಲಿ ಶೋನೆನ್ ಟ್ಯಾಂಕೊಬಾನ್ (ಬಿಡಿ ಸಂಪುಟ) ಸುಮಾರು 11.3 × 17.6 ಸೆಂ.ಮೀ., ಕಣ್ಣಿಗೆ ಹಿತ. ಇ-ಪುಸ್ತಕವಾದರೆ ಹಿಗ್ಗಿಸಿಕೊಳ್ಳಬಹುದು, ಉಚಿತ ಮಾದರಿ ಪುಟ ಇದ್ದರೆ ತೆರೆದು ನೋಡಿಯೇ ದುಡ್ಡು ಕೊಡಿ.

ಚೌಕಗಳಷ್ಟೇ ಅಲ್ಲ, ಮಾತಿನ ಗುಳ್ಳೆಗಳನ್ನೂ ಬಲದಿಂದ ಎಡಕ್ಕೇ ಓದಬೇಕು. ತಪ್ಪಿದರೆ ಪ್ರಶ್ನೆಗೆ ಮೊದಲೇ ಉತ್ತರ ಬಂದಿರುತ್ತದೆ!