ಚಿಕ್ಕ ಸಿಡಿ ಪ್ಲೇಯರ್ ಕೊಳ್ಳುವಾಗ ಹಿಂಭಾಗ ನೋಡಿ
ಮುಂದಿನ ಅಂದ ಆಮೇಲೆ. ಹಿಂದೆ ಕೆಂಪು-ಬಿಳಿ ಲೈನ್ ಔಟ್ (ಆಂಪ್ಲಿಫೈಯರ್ ತಂತಿ ಸಿಕ್ಕಿಸುವ ತೂತುಗಳು) ಇದೆಯಾ? ಬರೀ ಹೆಡ್‌ಫೋನ್ ತೂತು ಇದ್ದರೂ ಆಂಪ್ಲಿಫೈಯರ್‌ಗೆ ಜೋಡಿಸಬಹುದು, ಆದರೆ ಎರಡೆರಡು ಕಡೆ ವಾಲ್ಯೂಮ್ ತಿರುಗಿಸುತ್ತಾ ಕೂರಬೇಕು. ಆಂಪ್ಲಿಫೈಯರ್‌ನಲ್ಲೇ ಡ್ಯಾಕ್, ಅಂದರೆ ಡಿಜಿಟಲ್ ಅಂಕಿಗಳನ್ನು ಧ್ವನಿಯ ಸಂಕೇತವಾಗಿಸುವ ಭಾಗ, ಇದ್ದರೆ ಆಪ್ಟಿಕಲ್ ಔಟ್ (ಅದೇ ಅಂಕಿಗಳನ್ನು ಬೆಳಕಿನ ಕೇಬಲ್‌ನಲ್ಲಿ ಕಳಿಸುವ ತೂತು) ಸಾಕು. ಸಿಡಿಯಲ್ಲಿ ಇರುವುದೇ 16 ಬಿಟ್, 44.1 ಕಿಲೋಹರ್ಟ್ಸ್, ಡಬ್ಬದ ಮೇಲೆ 192 ಕಿಲೋಹರ್ಟ್ಸ್ ಅಂತ ದಪ್ಪಕ್ಷರ ಕಂಡರೆ ಸುಮ್ನೆ ಜಾಸ್ತಿ ದುಡ್ಡು ಸುರಿಯಬೇಡಿ.

ನಮ್ಮ ಚಿಕ್ಕಮಗಳೂರಿನ ಮಳೆಗಾಲದಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇನ್ನು ಸಿಡಿ ಓದುವ ಲೇಸರ್‌ನ ಲೆನ್ಸನ್ನು ಬಿಡುತ್ತದಾ? ಮುಚ್ಚಳ ಮೇಲಕ್ಕೆ ತೆರೆಯುವ ಮಾಡೆಲ್ ಆದರೆ ಲೆನ್ಸ್ ಕಣ್ಣೆದುರೇ ಇರುತ್ತದೆ, ಒರೆಸುವುದು ಸುಲಭ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಕಂಪ್ಯೂಟರ್‌ನಲ್ಲಿ ಬರೆದ ಸಿಡಿ-ಆರ್ ಒಂದನ್ನು ಒಯ್ದು, ಕೊನೆಯ ಹಾಡು ಹಾಕಿಸಿ ಕೇಳಿ. ಸಿಡಿ-ಆರ್‌ನ ಹೊಳಪು ಅಂಗಡಿಯ ಸಿಡಿಗಿಂತ ಕಮ್ಮಿ, ಸೋತ ಲೇಸರ್ ಅಲ್ಲೇ ತಡವರಿಸುತ್ತದೆ.