ಬೊಲೊನ್ಯಾದಿಂದ ತೊಂಬತ್ತು ನಿಮಿಷ: ಸಸ್ಯಾಹಾರಿಯ ವೀಕೆಂಡ್ ಲೆಕ್ಕ

ಬೊಲೊನ್ಯಾ ಇರುವ ಇಟಲಿಯ ಎಮಿಲಿಯಾ-ರೊಮಾನ್ಯಾ ಪ್ರಾಂತ್ಯ ಹಂದಿ ಮಾಂಸದ ಸೀಮೆ, ಅಲ್ಲಿ ಸಸ್ಯಾಹಾರಿ ಊರೂರು ತಿರುಗಿದರೂ ಕೊನೆಗೆ ಸಿಗೋದು ಮಾರ್ಗರೀಟಾ ಪಿಜ್ಜಾ ಅಂತ ಮೊದಲು ಬಂದ ಸೀನಿಯರ್‌ಗಳೆಲ್ಲ ಹೇಳಿದ್ದರು. ಸ್ಕಾಲರ್‌ಶಿಪ್ ದುಡ್ಡಲ್ಲಿ ತಿಂಗಳಿಗೆ ಮೂರು ಸಲ ತಿರುಗೋದು ಆಗದ ಮಾತು ಅಂತಲೂ ಹೇಳಿದ್ದರು. ಎರಡು ವರ್ಷದಲ್ಲಿ ಅರವತ್ತರ ಹತ್ತಿರ ಸುತ್ತಾಟ ಆಗಿದೆ. ಒಂದು ದಿನದ ಖರ್ಚು, ಊಟ ರೈಲು ಎಲ್ಲ ಸೇರಿ, ಸರಾಸರಿ 30 ಯೂರೋ. ಈಗ ಅದೇ ಸೀನಿಯರ್‌ಗಳು ಶುಕ್ರವಾರ ರಾತ್ರಿ ಫೋನ್ ಮಾಡಿ ನಾಳೆ ಎಲ್ಲಿಗೆ ಹೋಗಬಹುದು ಅಂತ ಕೇಳ್ತಾರೆ.

ಮೊದಲ ಆರು ತಿಂಗಳು ನಾನೂ ಎಲ್ಲರ ಹಾಗೇ ರೋಮ್, ನೇಪಲ್ಸ್, ವೆನಿಸ್ ಅಂತ ಓಡಿದೆ. ವೇಗದ ರೈಲಿಗೆ ಕೊನೇ ಗಳಿಗೆಯಲ್ಲಿ ಟಿಕೆಟ್ ತಗೊಂಡರೆ ದರ ಎರಡು ಮೂರು ಪಟ್ಟು ಏರಿರುತ್ತೆ, ಜೊತೆಗೆ ಹಾಸ್ಟೆಲ್ ಮಂಚ, ಹೊಸ ಊರಲ್ಲಿ ರಾತ್ರಿ ಊಟ. ಒಂದೊಂದು ವಾರಾಂತ್ಯಕ್ಕೆ 140-150 ಯೂರೋ ಹೋಗ್ತಿತ್ತು. ತಿಂದಿದ್ದು ಸ್ಟೇಷನ್ ಸ್ಯಾಂಡ್‌ವಿಚ್.

ಆಮೇಲೆ ಕಟ್ಟಿಕೊಂಡ ನಿಯಮ ಇಷ್ಟೇ. ಬರೀ ರೀಜನಾಲೆ, ಅಂದರೆ ಪ್ರಾದೇಶಿಕ ರೈಲು, 90 ನಿಮಿಷದೊಳಗೆ ತಲುಪಬೇಕು, ಒಂದಕ್ಕಿಂತ ಹೆಚ್ಚು ಬದಲಾವಣೆ ಬೇಡ. ಒಂದು ದಿನಕ್ಕೆ ಒಂದೇ ಊರು, ಆ ಊರಿನ ಒಂದೇ ತಿನಿಸು. ದೊಡ್ಡ ಊಟ ಮಧ್ಯಾಹ್ನ, ರಾತ್ರಿ ಎಂಟರೊಳಗೆ ಮನೆ. ರೀಜನಾಲೆ ದರ ಕಿಲೋಮೀಟರ್ ಲೆಕ್ಕ. ತಿಂಗಳ ಮುಂಚೆ ಕೊಂಡರೂ ಅಷ್ಟೇ, ರೈಲು ಬರೋ ಹತ್ತು ನಿಮಿಷ ಮುಂಚೆ ಕೊಂಡರೂ ಅಷ್ಟೇ. ಹಾಗಾಗಿ ಶನಿವಾರ ಬೆಳಿಗ್ಗೆ ಎದ್ದು ಮಳೆ ಎತ್ತ ಇದೆ ನೋಡಿ ಊರು ತೀರ್ಮಾನ ಮಾಡಬಹುದು. ಬೊಲೊನ್ಯಾದಿಂದ ನನಗೆ ನೆನಪಿರುವಂತೆ ಒಂದು ದಿಕ್ಕಿಗೆ ಮೊದೆನಾ 4 ಯೂರೋ, ಫೆರಾರಾ 5, ಫಯೆನ್ಜಾ ಐದೂವರೆ, ಪಾರ್ಮಾ ಮತ್ತು ರವೆನ್ನಾ ಏಳೂವರೆ ಎಂಟು. ಮಾಂತೋವಾ ಮಾತ್ರ ನಿಯಮ ಮೀರುತ್ತೆ, ಮೊದೆನಾದಲ್ಲಿ ರೈಲು ಬದಲಿಸಿ ಎರಡು ಗಂಟೆಯ ಹತ್ತಿರ ಆಗುತ್ತೆ. ಅಲ್ಲಿನ ತೋರ್ತೆಲ್ಲಿ, ಅಂದರೆ ಕುಂಬಳಕಾಯಿ ಹೂರಣ ತುಂಬಿದ ಪಾಸ್ತಾಗೋಸ್ಕರ ನಾನೇ ನಿಯಮ ಮುರಿದಿದ್ದೀನಿ.

ದುಡ್ಡು ಸೋರಿದ್ದು ಎಲ್ಲೆಲ್ಲಿ ಅಂತ ಹೇಳಿಬಿಡ್ತೀನಿ. ಕಾಗದದ ಟಿಕೆಟ್ ಅನ್ನು ಪ್ಲಾಟ್‌ಫಾರ್ಮಿನ ಮಷೀನಿಗೆ ತುರುಕಿ ಮೊಹರು ಹಾಕಿಸದೆ ಹತ್ತಿದ್ದಕ್ಕೆ 50 ಯೂರೋ ಹತ್ತಿರ ದಂಡ. ಟಿಕೆಟ್ಟನ್ನು ಎಡಕ್ಕೆ ಒತ್ತಿ ಹಿಡಿದಾಗ 'ಟಕ್' ಅಂತ ಸದ್ದು ಬಂದು ಅಂಚಿನಲ್ಲಿ ತಾರೀಖು, ಗಂಟೆ ಮೂಡಬೇಕು. ಶಾಯಿ ಒಣಗಿದ ಮಷೀನು ಸದ್ದು ಮಾಡುತ್ತೆ, ಅಕ್ಷರ ಮೂಡಿಸಲ್ಲ. ಓದಿ ನೋಡಿ, ಮೂಡಿಲ್ಲದಿದ್ದರೆ ಇನ್ನೊಂದು ಮಷೀನಿಗೆ ಹೋಗಿ. ಆ್ಯಪ್‌ನಲ್ಲಿ ಕೊಂಡರೆ ಚೆಕ್-ಇನ್ ಒತ್ತದೆ ಹತ್ತಬೇಡಿ.

ಎರಡನೇದು ಬಸ್ಸು. ಬಸ್ ಸ್ಟಾಪಿನ ವೇಳಾಪಟ್ಟಿಯಲ್ಲಿ 'ಫೆರಿಯಾಲೆ' ಅಂದರೆ ಸೋಮವಾರದಿಂದ ಶನಿವಾರ, 'ಫೆಸ್ತಿವೊ' ಅಂದರೆ ಭಾನುವಾರ ಮತ್ತು ರಜಾದಿನ, 'ಸ್ಕೊಲಾಸ್ತಿಕೊ' ಅಂದರೆ ಶಾಲೆ ಇರುವ ದಿನ ಮಾತ್ರ. ಕೆಲವು ಪಟ್ಟಿಗಳಲ್ಲಿ ಪದ ಇರಲ್ಲ; ಅಡ್ಡಡ್ಡ ಎರಡು ಸುತ್ತಿಗೆಯ ಚಿತ್ರ ಇದ್ದರೆ ಫೆರಿಯಾಲೆ, ಶಿಲುಬೆ ಇದ್ದರೆ ಫೆಸ್ತಿವೊ. ಬೆಟ್ಟದ ಊರಿಗೆ ಬೆಳಿಗ್ಗೆ ಹೋಗೋ ಬಸ್ ಇದ್ದು ಸಂಜೆ ವಾಪಸ್ ಬಸ್ಸು 'ಸ್ಕೊಲಾಸ್ತಿಕೊ' ಆಗಿದ್ದರೆ ಟ್ಯಾಕ್ಸಿಯೇ ಗತಿ, ನನಗೆ 35 ಯೂರೋ ಬಿತ್ತು. ಅಂದಿನಿಂದ ವಾಪಸ್ ಗಾಡಿ ಮೊದಲು ನೋಡ್ತೀನಿ, ಹೋಗೋ ಗಾಡಿ ಆಮೇಲೆ.

ಶೋಪೆರೊ, ಅಂದರೆ ಮುಷ್ಕರ, ಹೆಚ್ಚಾಗಿ ಶುಕ್ರವಾರ ಬೀಳುತ್ತೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಖಾತರಿ ರೈಲುಗಳು ಓಡ್ತವೆ. ಭಾನುವಾರಕ್ಕೆ ಆ ಖಾತರಿ ಇಲ್ಲ. ಶನಿವಾರ ರಾತ್ರಿ ಶುರುವಾಗಿ ಭಾನುವಾರ ರಾತ್ರಿ ಮುಗಿಯೋ ಮುಷ್ಕರ ಘೋಷಣೆಯಾಗಿದ್ದರೆ ನಾನು ಮನೆ ಬಿಡಲ್ಲ.

ಇನ್ನು ಊಟ. ನಾನು ಮೊಟ್ಟೆ, ಚೀಸ್ ತಿಂತೀನಿ. ಮಾಂಸ, ಮೀನು, ಹಂದಿ ಕೊಬ್ಬು ಇಲ್ಲ. ಮೊಟ್ಟೆಯೂ ಬೇಡ ಅನ್ನೋರಿಗೆ ಈ ಸೀಮೆಯ ಕೈಯಲ್ಲಿ ಲಟ್ಟಿಸಿದ ಪಾಸ್ತಾ ಆಗಲ್ಲ, ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಇಲ್ಲಿನ ಅಳತೆ. ಚೀಸ್ ವಿಷಯವೂ ಗೊತ್ತಿರಲಿ: ಪಾರ್ಮಿಜಾನೊ ರೆಜ್ಜಾನೊ, ಗ್ರಾನಾ ಪದಾನೊ ಎರಡಕ್ಕೂ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ಕಾಲ್ಯೊ ಹಾಕ್ತಾರೆ. ಅದು ಬೇಡ ಅನ್ನೋರು ಪ್ಯಾಕೆಟ್ ಮೇಲೆ 'ಕಾಲ್ಯೊ ವೆಜೆತಾಲೆ' ಅಥವಾ 'ಮಿಕ್ರೊಬಿಕೊ' ಅಂತ ಇರೋ ಬೇರೆ ಚೀಸ್ ಹುಡುಕಬೇಕು.

ದೊಡ್ಡ ಶತ್ರು ಮಾಂಸ ಅಲ್ಲ, ಸ್ತ್ರುತ್ತೊ, ಹಂದಿ ಕೊಬ್ಬು. ಮಾಂಸ ಕಣ್ಣಿಗೆ ಕಾಣುತ್ತೆ, ಇದು ಕಾಣಲ್ಲ. ಪಿಯಾದಿನಾ ಅನ್ನೋ ಹಂಚಿನ ರೊಟ್ಟಿಯ ಹಿಟ್ಟಿಗೆ ಸಾಂಪ್ರದಾಯಿಕವಾಗಿ ಅದನ್ನೇ ಹಾಕೋದು. ಮೊದೆನಾದ ಪುಟ್ಟ ದುಂಡು ಬ್ರೆಡ್ ತಿಜೆಲ್ಲೆ, ಕರಿದಾಗ ಉಬ್ಬಿ ಬರುವ ನ್ಯೊಕ್ಕೊ ಫ್ರಿತ್ತೊ, ಫೆರಾರಾದ ಕೊಂಬಿನಾಕಾರದ ಕೊಪ್ಪಿಯಾ ಬ್ರೆಡ್, ಮಾಂತೋವಾದ ಸ್ಬ್ರಿಜೊಲೋನಾ ಬಾದಾಮಿ ಕೇಕ್, ಇವೆಲ್ಲದರ ಹಳೇ ವಿಧಾನದಲ್ಲಿ ಸ್ತ್ರುತ್ತೊ ಇದೆ. 'ಸೋನೊ ವೆಜೆತಾರಿಯಾನೊ' ಅಂದರೆ ಹ್ಯಾಮ್ ತೆಗೆದು ಕೊಡ್ತಾರೆ, ಹಿಟ್ಟಿನ ಬಗ್ಗೆ ಯಾರೂ ಯೋಚಿಸಲ್ಲ. ಅವರು ಮೋಸ ಮಾಡ್ತಿಲ್ಲ, ಅವರ ಲೆಕ್ಕದಲ್ಲಿ ಕೊಬ್ಬು ಮಾಂಸ ಅಲ್ಲ. ನೇರವಾಗಿ ಕೇಳಬೇಕು: 'ಚೆ ಸ್ತ್ರುತ್ತೊ ನೆಲ್ಲಿಂಪಾಸ್ತೊ?' ಹಿಟ್ಟಿನಲ್ಲಿ ಕೊಬ್ಬಿದೆಯಾ ಅಂತ. ರವೆನ್ನಾ ಕಡೆ ಹೆಚ್ಚಿನ ಪಿಯಾದಿನಾ ಗೂಡಂಗಡಿಗಳಲ್ಲಿ 'ಅಲ್ಲೋಲ್ಯೊ', ಆಲಿವ್ ಎಣ್ಣೆಯದ್ದೂ ಇರುತ್ತೆ, ಬೆಲೆ ಅರ್ಧ ಯೂರೋ ಜಾಸ್ತಿ. ಅದರೊಳಗೆ ಸ್ಕ್ವಾಕ್ವೆರೋನೆ ಅನ್ನೋ ಮೆತ್ತನೆ ಚೀಸ್, ರುಕೋಲಾ ಸೊಪ್ಪು ಹಾಕಿಸಿ. ಹಂಚಿನ ಬಿಸಿಗೆ ಚೀಸ್ ಕರಗಿ ಅಂಚಲ್ಲಿ ಇಳಿಯೋ ಮುಂಚೆ ತಿನ್ನಬೇಕು.

ಎರಡನೇ ಪ್ರಶ್ನೆ ಸಾರಿನದು: 'ಇಲ್ ಬ್ರೋದೊ ಎ ದಿ ಕಾರ್ನೆ?' ಸಾರು ಮಾಂಸದ್ದಾ ಅಂತ. ರಿಸೊತ್ತೊ ಅನ್ನೋ ಅನ್ನದ ಅಡುಗೆ, ಬೇಳೆಕಾಳಿನ ಸೂಪು ಏನೇ ಇರಲಿ ಇದನ್ನು ಕೇಳಿ. ಮೂರನೇದು ಮೇಲೆ ಸುರಿಯೋ ಸಾಸ್. ಫೆರಾರಾದಲ್ಲಿ ಕಪ್ಪೆಲಾಚ್ಚಿ ದಿ ಜುಕ್ಕಾ ಅನ್ನೋ ತುಂಬಿದ ಪಾಸ್ತಾ ಕೇಳಿದರೆ ಒಳಗೆ ಕುಂಬಳಕಾಯಿ, ಪಾರ್ಮಿಜಾನೊ, ಜಾಯಿಕಾಯಿ ಇರುತ್ತೆ ನಿಜ, ಮೇಲೆ ಮಾಂಸದ ರಾಗೂ ಸುರಿದು ತಂದಿಡಬಹುದು. 'ಬುರ್ರೊ ಎ ಸಾಲ್ವಿಯಾ' ಅಂತ ಹೇಳಿಬಿಡಿ, ಬೆಣ್ಣೆ ಮತ್ತು ಸಾಲ್ವಿಯಾ (ಸೇಜ್) ಎಲೆ. ಪಾರ್ಮಾದಲ್ಲಿ ತೋರ್ತೆಲ್ಲಿ ದೆರ್ಬೆತ್ತಾ, ಸೊಪ್ಪು ಮತ್ತು ರಿಕೊತ್ತಾ ಅನ್ನೋ ಮೆತ್ತನೆ ಚೀಸ್ ತುಂಬಿದ್ದು. ಒಂದು ತಟ್ಟೆ 10-12 ಯೂರೋ, ಕೊಪೆರ್ತೊ, ಅಂದರೆ ಮೇಜಿನಲ್ಲಿ ಕೂತಿದ್ದಕ್ಕೆ ತಲೆಗಿಷ್ಟು ಅಂತ ಹಾಕೋ ಶುಲ್ಕ, 2, ಕೌಂಟರಿನಲ್ಲಿ ನಿಂತು ಕುಡಿದ ಕಾಫಿ 1.30. ಅದೇ ಕಾಫಿ ಚೌಕದ ಮೇಜಲ್ಲಿ ಕೂತರೆ ಮೂರು ಪಟ್ಟು ಆಗಬಹುದು. ಹೋಟೆಲಿನ ಅಡುಗೆಮನೆ ಎರಡೂವರೆಗೆ ಮುಚ್ಚುತ್ತೆ, ಮತ್ತೆ ತೆಗೆಯೋದು ಏಳೂವರೆಗೆ. ಮಧ್ಯೆ ತಲುಪಿದರೆ ಉಪವಾಸ. ಅದಕ್ಕೇ ಹನ್ನೆರಡೂವರೆಗೆ ಮೇಜಿನಲ್ಲಿರಬೇಕು ಅನ್ನೋದು.

ಬೇಕರಿಯಲ್ಲಿ ತೂಕದ ಮಾತು ಕಲಿಯಿರಿ. 'ಎತ್ತೊ' ಅಂದರೆ ನೂರು ಗ್ರಾಂ. ಫಲಕದಲ್ಲಿ 1.80 ಅಂತ ಇದ್ದರೆ ಅದು ತುಂಡಿನ ಬೆಲೆಯಲ್ಲ, ಎತ್ತೊ ಬೆಲೆ. ಕೈತೋರಿಸಿ 'ಇಷ್ಟು' ಅಂದರೆ 400 ಗ್ರಾಂ ಕಟ್ ಮಾಡಿ ಏಳು ಯೂರೋ ಕೇಳ್ತಾರೆ. 'ದುಎ ಎತ್ತಿ' ಅಂದರೆ ಇನ್ನೂರು ಗ್ರಾಂ, ಒಬ್ಬರಿಗೆ ಸಾಕು.

ಮೊದೆನಾಗೆ ಶನಿವಾರವೇ ಹೋಗಿ. ಅಲ್ಬಿನೆಲ್ಲಿ ಮಾರುಕಟ್ಟೆ, 1931ರದ್ದು, ಕಬ್ಬಿಣದ ಚಾವಣಿ ಕೆಳಗೆ ತರಕಾರಿ, ಚೀಸ್, ತಾಜಾ ಪಾಸ್ತಾ, ಭಾನುವಾರ ಮುಚ್ಚಿರುತ್ತೆ. ಇಲ್ಲಿನ ದ್ರಾಕ್ಷಿ ವಿನಿಗರ್ ಬಾಲ್ಸಾಮಿಕೊದಲ್ಲಿ ಎರಡು ಜಾತಿ. 'ತ್ರಾದಿತ್ಸಿಯೊನಾಲೆ' ಬರೀ ಕುದಿಸಿದ ದ್ರಾಕ್ಷಿರಸದಿಂದ, ಕನಿಷ್ಠ 12 ವರ್ಷ ಪೀಪಾಯಿಯಲ್ಲಿ ಇಟ್ಟಿದ್ದು, 100 ಮಿ.ಲೀ. ಸೀಸೆಗೆ 45-50 ಯೂರೋ. 'ಐಜಿಪಿ' ಅಂದರೆ ವೈನ್ ವಿನಿಗರ್ ಬೆರೆಸಿದ್ದು. ವಿದ್ಯಾರ್ಥಿಗೆ 10-12 ಯೂರೋದ ಐಜಿಪಿ ಸಾಕು. ಪದಾರ್ಥಗಳ ಪಟ್ಟಿಯಲ್ಲಿ ವಿನಿಗರ್‌ಗಿಂತ ಮೊದಲು ದ್ರಾಕ್ಷಿರಸ ಬರೆದಿರಬೇಕು, ಅದೇ ಗುರುತು.

ಎಲ್ಲಕ್ಕಿಂತ ಲಾಭ ಕೊಟ್ಟಿದ್ದು ಸಾಗ್ರಾಗಳು. ಊರ ಜಾತ್ರೆಯ ಹಾಗೆ, ಒಂದು ಬೆಳೆ ಅಥವಾ ಒಂದು ಅಡುಗೆಯ ಹೆಸರಲ್ಲಿ ಪ್ರೊ ಲೋಕೊ ಸಂಘದ ಊರವರೇ ನಿಂತು ಬೇಯಿಸಿ ಬಡಿಸೋದು. ಮೊದಲು ಉದ್ದ ಮೇಜಿನಲ್ಲಿ ಜಾಗ ಹಿಡಿದು ಮೇಜಿನ ನಂಬರ್ ನೋಡಿಕೊಳ್ಳಿ. ಆಮೇಲೆ ಚೀಟಿ, ಪೆನ್ಸಿಲ್ ತಗೊಂಡು ಬೇಕಾದ್ದರ ಮುಂದೆ ಸಂಖ್ಯೆ ಬರೆದು ಕಾಸ್ಸಾದಲ್ಲಿ, ಅಂದರೆ ಹಣದ ಕೌಂಟರಿನಲ್ಲಿ, ದುಡ್ಡು ಕೊಡಿ, ನಗದು ಇರಲಿ. ಹಲವು ಸಾಗ್ರಾ ಸಂಜೆ ಏಳರ ಮೇಲೆ ಶುರು, ಕೊನೇ ರೈಲಿಗೆ ಹೊಂದಲ್ಲ. ಪೋಸ್ಟರ್‌ನಲ್ಲಿ 'ಆಂಕೆ ಅ ಪ್ರಾಂಜೊ', ಮಧ್ಯಾಹ್ನವೂ ಉಂಟು ಅಂತ ಇದ್ದದ್ದನ್ನೇ ಆರಿಸಿ. ತೋರ್ತೆಲ್ಲಿ ತಟ್ಟೆ ಹೋಟೆಲಿನ ಮುಕ್ಕಾಲು ದರಕ್ಕೆ ಸಿಗುತ್ತೆ, ಲಟ್ಟಿಸಿದ ಅಜ್ಜಿಯನ್ನೇ ಒಳಗೆ ಏನಿದೆ ಅಂತ ಕೇಳಬಹುದು. ಜೂನ್‌ನಲ್ಲಿ ನಾನು ತಪ್ಪದೆ ಹೋಗೋ ಸಣ್ಣ ಸಾಗ್ರಾ ಒಂದಿದೆ, ಅದರ ಹೆಸರು ಇಲ್ಲಿ ಬರೆಯಲ್ಲ. ಅಲ್ಲಿರೋದೇ ಎಂಟು ಮೇಜು.

ಅಕ್ಟೋಬರ್ ಭಾನುವಾರಗಳಲ್ಲಿ ಬೆಟ್ಟದೂರು ಮರ್ರಾದಿಯ ಕಸ್ತಾನ್ಯಾ, ಅಂದರೆ ಚೆಸ್ಟ್‌ನಟ್, ಸಾಗ್ರಾ. ಫಯೆನ್ಜಾದಲ್ಲಿ ಇಳಿದು ಫ್ಲಾರೆನ್ಸ್ ಕಡೆಯ ಬೆಟ್ಟದ ರೈಲು ಹಿಡಿಯಬೇಕು, ಒಂಟಿ ಹಳಿ, ಡೀಸೆಲ್ ಗಾಡಿ, ಬೋಗಿ ಕಡಿಮೆ. ಮಳೆಗಾಲದಲ್ಲಿ ಗುಡ್ಡ ಕುಸಿದು ರೈಲಿನ ಬದಲು ಬಸ್ ಹಾಕೋದುಂಟು, ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಸಂಜೆ ಐದರ ಮೇಲೆ ವಾಪಸ್ ಗಾಡಿಯಲ್ಲಿ ಕಾಲಿಡೋಕೆ ಜಾಗ ಇರಲ್ಲ, ನಾಲ್ಕರೊಳಗೆ ಹೊರಡಿ. ಅದೇ ದಾರಿಯಲ್ಲಿ ಬ್ರಿಸಿಗೆಲ್ಲಾ ಸಿಗುತ್ತೆ, 1996ರಲ್ಲೇ ಡಿಒಪಿ, ಅಂದರೆ ಮೂಲ ಸ್ಥಳದ ಅಧಿಕೃತ ಮುದ್ರೆ, ಪಡೆದ ಆಲಿವ್ ಎಣ್ಣೆಯ ಊರು. ನವೆಂಬರ್‌ನಲ್ಲಿ ಹೊಸ ಎಣ್ಣೆ ಬಂದಾಗ ಗಂಟಲು ಕಚ್ಚುವಷ್ಟು ಖಾರ.

ಮರ್ರಾದಿಯಲ್ಲಿ ನಾನು ಮಾಡಿದ ತಪ್ಪು, ಅಕ್ಟೋಬರ್‌ನಲ್ಲೇ ಚೆಸ್ಟ್‌ನಟ್ ಹಿಟ್ಟು ಕೊಂಡಿದ್ದು. ಕಸ್ತಾನ್ಯಾ ಬಿದ್ದಮೇಲೆ ಕಲ್ಲಿನ ಗೂಡಲ್ಲಿ ಸಣ್ಣ ಬೆಂಕಿಯ ಹೊಗೆಗೆ ಸುಮಾರು 30-40 ದಿನ ಒಣಗಿಸಿ ಆಮೇಲೆ ಬೀಸೋದು. ಹಾಗಾಗಿ ಅಕ್ಟೋಬರ್‌ನಲ್ಲಿ ಸಿಗೋದು ಹೋದ ವರ್ಷದ್ದು, ಕಮಟು ಕಹಿ. ಹೊಸ ಹಿಟ್ಟು ನವೆಂಬರ್ ಕೊನೆ, ಡಿಸೆಂಬರ್‌ಗೆ ಬರುತ್ತೆ. ಚಿಟಿಕೆ ನಾಲಿಗೆ ಮೇಲಿಟ್ಟರೆ ಸಿಹಿಯಾಗಿರಬೇಕು. ಅರ್ಧ ಕಿಲೋ 7-8 ಯೂರೋ.

ಆ ಹಿಟ್ಟಲ್ಲಿ ಮಾಡೋ ತೆಳು ಕೇಕ್ ಕಸ್ತಾನ್ಯಾಚ್ಚೊ: 250 ಗ್ರಾಂ ಹಿಟ್ಟನ್ನು ಜರಡಿ ಹಿಡಿಯಲೇಬೇಕು, ಇಲ್ಲದಿದ್ದರೆ ಗಂಟು ಬಿಡಲ್ಲ. 325 ಮಿ.ಲೀ. ನೀರು, ಚಿಟಿಕೆ ಉಪ್ಪು, ಎರಡು ಚಮಚ ಆಲಿವ್ ಎಣ್ಣೆ, ನೆನೆಸಿದ ದ್ರಾಕ್ಷಿ ಒಂದು ಹಿಡಿ. ಸಕ್ಕರೆ ಇಲ್ಲ. 28 ಸೆಂ.ಮೀ. ತಟ್ಟೆಗೆ ಸುರಿದರೆ ಒಂದು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ದಪ್ಪ. ಮೇಲೆ ಪಿನೋಲಿ (ಪೈನ್ ಬೀಜ), ರೋಸ್‌ಮೇರಿ. 190 ಡಿಗ್ರಿಯಲ್ಲಿ 35 ನಿಮಿಷ. ಬೇಸಿಗೆಯ ಕೆರೆಯಂಗಳದ ಹಾಗೆ ಮೇಲ್ಮೈ ಬಿರುಕು ಬಿಟ್ಟಾಗ ತೆಗೆಯೋದು. ಉಳಿದ ಹಿಟ್ಟಿನಲ್ಲಿ ಮುದ್ದೆ ತಿರುವಿ ನೋಡಿದೆ. ಬೆಟ್ಟದ ಕಡೆ ಇದನ್ನೇ ಸಿಹಿ ಪೊಲೆಂತಾ ಅಂತ ತಿಂತಾರೆ. ಎರಡು ಲೋಟ ನೀರಿಗೆ ತೂಕದಲ್ಲಿ ಅದರ ಅರ್ಧ ಹಿಟ್ಟು, ಸಣ್ಣ ಉರಿ, ಅರ್ಧ ಗಂಟೆ. ರಾಗಿಯಷ್ಟು ಗಟ್ಟಿ ನಿಲ್ಲಲ್ಲ, ಕೈಗಂಟುತ್ತೆ. ತಾಜಾ ರಿಕೊತ್ತಾ ಜೊತೆ ಸೊಗಸು, ಸೊಪ್ಪಿನ ಸಾರಿಗೆ ಹೊಂದಲ್ಲ.

ಜೆನೋವಾ 90 ನಿಮಿಷದ ಆಚೆ, ಅದಕ್ಕೆ ಸೆಮಿಸ್ಟರಿಗೆ ಒಂದೇ ಸಲ. ಹೋಗೋದು ಫರಿನಾತಾ ಅನ್ನೋ ಓವನ್ನಿನ ತೆಳು ರೊಟ್ಟಿಗೆ: ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ, ಕೇಳೋ ಪ್ರಶ್ನೆಯೇ ಇಲ್ಲ. ಮನೆಯ ಓವನ್ನಿನಲ್ಲಿ ಐದು ಸಲ ಕೆಟ್ಟಮೇಲೆ ಬಂದ ಅಳತೆ ಇದು: 40×30 ಸೆಂ.ಮೀ. ತಟ್ಟೆಗೆ 150 ಗ್ರಾಂ ಹಿಟ್ಟು, 450 ಮಿ.ಲೀ. ನೀರು, 5 ಗ್ರಾಂ ಉಪ್ಪು, 50 ಮಿ.ಲೀ. ಎಣ್ಣೆ. ಹಿಟ್ಟು ನೀರು ಕಲಸಿ ಐದಾರು ಗಂಟೆ ಬಿಡಿ, ಮೇಲೆ ಬಂದ ನೊರೆ ಪೂರ್ತಿ ತೆಗೀರಿ. ಬಿಟ್ಟರೆ ಕಹಿ, ಮೇಲೆ ಕಪ್ಪು ಗುಳ್ಳೆ. ತಟ್ಟೆಗೆ ಮೊದಲು ಎಣ್ಣೆ, ಅದರ ಮೇಲೆ ಹಿಟ್ಟು, ಮರದ ಚಮಚದಲ್ಲಿ ಒಂದೆರಡು ಸುತ್ತು. ಎಣ್ಣೆ ಮೇಲೆದ್ದು ಗೆರೆ ಗೆರೆಯಾಗಿ ತೇಲಬೇಕು. ದಪ್ಪ 5 ಮಿ.ಮೀ. ದಾಟಿದರೆ ಒಳಗೆ ಬೇಯದ ಬಜ್ಜಿ ಹಿಟ್ಟಿನ ವಾಸನೆ ಉಳಿಯುತ್ತೆ. 250 ಡಿಗ್ರಿ, ಕೆಳಗಿನ ಅಂತಸ್ತಿನಲ್ಲಿ 12 ನಿಮಿಷ, ಆಮೇಲೆ ಮೇಲಿನ ಅಂತಸ್ತಿಗೆ. ಬಂಗಾಳಿ ಅಂಗಡಿಯ ನಮ್ಮ ಕಡಲೆಹಿಟ್ಟು ಬಳಸೋದಾದರೆ ಅದು ಅಷ್ಟು ನೀರು ಕುಡಿಯಲ್ಲ, 375 ಮಿ.ಲೀ. ಸಾಕು. ಕೊನೇ ಐದು ನಿಮಿಷಕ್ಕೆ ಮುಂಚೆ ನಾನು ಇನ್ನೊಂದು ಕೆಲಸ ಮಾಡ್ತೀನಿ, ಅಂಚು ಜೆನೋವಾದ ಹಾಗೆ ಗರಿಗರಿ ಬರೋದು ಅದರಿಂದ. ಅದು ನನ್ನ ಹತ್ತಿರವೇ ಇರಲಿ. ಓವನ್ನಿನಿಂದ ತೆಗೆದ ತಕ್ಷಣ ಕಾಳುಮೆಣಸು ಕುಟ್ಟಿ ಹಾಕಿ, ಬಿಸಿ ಇರುವಾಗಲೇ ತಿನ್ನಿ. ಆರಿದರೆ ಚರ್ಮದ ಹಾಗೆ ಎಳೆಯುತ್ತೆ.