ಮನೆಗೆ ನೀರಿನ ಫಿಲ್ಟರ್ ಆರಿಸುವುದು ಹೇಗೆ: ಮೊದಲು ನೀರಿನ ಪರೀಕ್ಷೆ, ಆಮೇಲೆ ಯಂತ್ರ

ನೀರಿನಲ್ಲಿ ಬೆರೆತಿರಬಹುದಾದ ಕಲ್ಮಶಗಳನ್ನೆಲ್ಲ ಒಂದೇ ಏಟಿಗೆ ತೆಗೆಯಬಲ್ಲ ವಿಧಾನ ಯಾವುದೂ ಇಲ್ಲ. ರೋಗಾಣುಗಳನ್ನು ನಿಷ್ಕ್ರಿಯಗೊಳಿಸುವ ನೇರಳಾತೀತ ದೀಪ, ಅಂದರೆ ಯುವಿ, ಫ್ಲೋರೈಡಿನ ತಂಟೆಗೇ ಹೋಗುವುದಿಲ್ಲ; ಕ್ಲೋರಿನ್ ವಾಸನೆಯನ್ನು ಸೊಗಸಾಗಿ ಹೀರಿಕೊಳ್ಳುವ ಇದ್ದಿಲು ಉಪ್ಪಿನಂಶವನ್ನು ಹಾಗೆಯೇ ಬಿಟ್ಟುಕೊಡುತ್ತದೆ; ಉಪ್ಪಿನಂಶವನ್ನು ತಡೆಯುವ ಆರ್‌ಒ (ರಿವರ್ಸ್ ಆಸ್ಮೋಸಿಸ್) ಮೆಂಬ್ರೇನ್, ಅಂದರೆ ಅತಿ ಸೂಕ್ಷ್ಮವಾದ ಸೋಸು ಪೊರೆ, ಒಂದು ಲೋಟ ನೀರು ಕೊಡಲು ಒಂದಕ್ಕಿಂತ ಹೆಚ್ಚು ಲೋಟ ನೀರನ್ನು ಹೊರಗೆ ಬಿಡುವುದುಂಟು. ಹೀಗಿರುವಾಗ ಯಾವ ಕಂಪನಿಯ ಯಂತ್ರ ಒಳ್ಳೆಯದು ಎಂದು ವಿಚಾರಿಸುವುದಕ್ಕೆ ಮೊದಲು ನಮ್ಮ ಮನೆಯ ನೀರಿನಲ್ಲಿ ಏನಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಅದು ಗೊತ್ತಾದರೆ ಅಂಗಡಿಯಲ್ಲಿರುವ ಯಂತ್ರಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಪಟ್ಟಿಯಿಂದ ಬಿಟ್ಟುಹೋಗುತ್ತವೆ.

ನೀರನ್ನು ಅರಿಯುವುದು

ಕಣ್ಣು, ಮೂಗು, ನಾಲಿಗೆಗಳು ಒಂದಿಷ್ಟು ಸುಳಿವು ಕೊಡುತ್ತವೆ. ತುಂಬಿಸಿದಾಗ ತಿಳಿಯಾಗಿದ್ದ ನೀರು ಕೊಡದಲ್ಲಿ ಕೆಲವು ಗಂಟೆ ನಿಂತ ಮೇಲೆ ಕೆಂಪಗಾದರೆ ಅದರಲ್ಲಿ ಕರಗಿದ ಕಬ್ಬಿಣವಿದೆ. ಸಾಬೂನು ನೊರೆಗಟ್ಟದಿದ್ದರೆ, ಪಾತ್ರೆಯ ತಳದಲ್ಲಿ ಬಿಳಿ ಹೆಂಟೆ ಕಟ್ಟಿದರೆ ಅದು ಗಡಸು ನೀರು. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಆದರೆ ಆರೋಗ್ಯಕ್ಕೆ ಅತಿ ಹೆಚ್ಚು ಹಾನಿ ಮಾಡುವ ಆರ್ಸೆನಿಕ್, ನೈಟ್ರೇಟ್, ಫ್ಲೋರೈಡ್, ಸೀಸಗಳಿಗೆ ಕುಡಿಯುವ ನೀರಿನಲ್ಲಿ ಸಿಗುವ ಪ್ರಮಾಣದಲ್ಲಿ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ರೋಗಾಣುಗಳ ಮಾತೂ ಅಷ್ಟೇ. ಆದ್ದರಿಂದ ಪ್ರಯೋಗಾಲಯದ ಪರೀಕ್ಷೆಗೆ ಪರ್ಯಾಯವಿಲ್ಲ. ನಗರದ ಕೊಳಾಯಿ ನೀರಾದರೆ ಸರಬರಾಜು ಮಾಡುವ ಸಂಸ್ಥೆಯ ಪರೀಕ್ಷಾ ವರದಿಯನ್ನು ಕೇಳಿ ಪಡೆಯಬಹುದು. ಆದರೂ ಮನೆಯ ತೊಟ್ಟಿ ಮತ್ತು ಹಳೆಯ ಪೈಪುಗಳಿಂದ ಸೇರುವ ಕೊಳೆ ಆ ವರದಿಯಲ್ಲಿ ಕಾಣುವುದಿಲ್ಲ. ಬಾವಿ ಅಥವಾ ಕೊಳವೆಬಾವಿಯ ನೀರನ್ನು ಮಳೆಗಾಲದ ನಂತರ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು, ಏಕೆಂದರೆ ಮಳೆನೀರಿನೊಂದಿಗೆ ರೋಗಾಣುಗಳೂ ನೈಟ್ರೇಟೂ ಇಳಿದು ಬರಬಹುದು, ಬೇಸಿಗೆಯಲ್ಲಿ ನೀರು ಆಳಕ್ಕೆ ಹೋದಂತೆ ಲವಣಗಳ ಪ್ರಮಾಣ ಏರಬಹುದು.

ಮಾದರಿ ಹಿಡಿಯುವಾಗ ಎಡವಿದರೆ ವರದಿಗೆ ಬೆಲೆಯಿಲ್ಲ. ರೋಗಾಣು ಪರೀಕ್ಷೆಗಾಗಿ ನಲ್ಲಿಯ ಬಾಯಿಗೆ ಹಾಕಿದ ಜಾಲರಿಯನ್ನು ಬಿಚ್ಚಿ, ಬಾಯನ್ನು ಸ್ಪಿರಿಟ್‌ನಿಂದ ಒರೆಸಿ, ಎರಡು ಮೂರು ನಿಮಿಷ ನೀರು ಹರಿಯಬಿಟ್ಟು, ಪ್ರಯೋಗಾಲಯದವರೇ ಕೊಟ್ಟ ಕ್ರಿಮಿರಹಿತ ಸೀಸೆಯಲ್ಲಿ, ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಿಸದೆ ನೀರು ಹಿಡಿಯಬೇಕು. ಸೀಸೆಯಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ ಇದ್ದರೆ ತೊಳೆದು ಚೆಲ್ಲಬಾರದು. ನೀರಿನಲ್ಲಿರುವ ಕ್ಲೋರಿನ್ ದಾರಿಯಲ್ಲಿಯೇ ರೋಗಾಣುಗಳನ್ನು ಕೊಂದು ಫಲಿತಾಂಶವನ್ನು ಕೆಡಿಸದಿರಲೆಂದು ಹಾಕಿದ ಸೋಡಿಯಂ ಥಯೋಸಲ್ಫೇಟ್ ಅದು. ಸೀಸೆಯನ್ನು ತಂಪಾಗಿಟ್ಟು, ಸಾಧ್ಯವಾದರೆ ಆರು ಗಂಟೆಯೊಳಗೆ, ಹೆಚ್ಚೆಂದರೆ 24 ಗಂಟೆಯೊಳಗೆ ತಲುಪಿಸಬೇಕು. ಸೀಸದ ಪರೀಕ್ಷೆಯ ಕ್ರಮ ಇದಕ್ಕೆ ತದ್ವಿರುದ್ಧವಾದದ್ದು: ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರನ್ನು ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲೇ, ಮೊದಲ ಧಾರೆಯಿಂದಲೇ ಹಿಡಿಯಬೇಕು.

ವರದಿ ಕೈಗೆ ಬಂದಾಗ ಹೋಲಿಸಿ ನೋಡಲು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮೌಲ್ಯಗಳು ಸಾಕು: ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ, ಆರ್ಸೆನಿಕ್ ಮತ್ತು ಸೀಸ ತಲಾ 0.01 ಮಿಲಿಗ್ರಾಂ. ಇ. ಕೋಲಿ ಬ್ಯಾಕ್ಟೀರಿಯಾ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದು. ಹಾಲು ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸುವ ಎಳೆಗೂಸು ಮನೆಯಲ್ಲಿದ್ದರೆ ನೈಟ್ರೇಟಿನ ಸಾಲನ್ನು ಮೊದಲು ಓದಬೇಕು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ನೈಟ್ರೇಟ್ ಹೋಗುವುದಿಲ್ಲ. ಆವಿಯಾದ ನೀರಿನ ಲೆಕ್ಕಕ್ಕೆ ಅದು ಕೊಂಚ ಹೆಚ್ಚುತ್ತದೆ.

ಟಿಡಿಎಸ್ ಎಂಬ ಒಂದೇ ಸಂಖ್ಯೆ

ನೀರಿನ ಯಂತ್ರಗಳ ಮಾರಾಟವೆಲ್ಲ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಘನವಸ್ತುಗಳ ಪ್ರಮಾಣ) ಎಂಬ ಸಂಖ್ಯೆಯ ಸುತ್ತಲೇ ನಡೆಯುತ್ತದೆ, ಆದ್ದರಿಂದ ಅದರ ಮಿತಿಯನ್ನು ತಿಳಿದಿರಬೇಕು. ಜೇಬಿನಲ್ಲಿ ಹಿಡಿಯುವ ಮೀಟರು ಕರಗಿದ ವಸ್ತುಗಳನ್ನು ತೂಗುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಅಳೆದು, ಅದನ್ನು ಸಾಮಾನ್ಯವಾಗಿ 0.5ರಿಂದ 0.7ರವರೆಗಿನ ಒಂದು ಗುಣಕದಿಂದ ಗುಣಿಸಿ ಅಂದಾಜು ಹೇಳುತ್ತದೆ. ಒಳ್ಳೆಯ ಕ್ಯಾಲ್ಸಿಯಂ, ಕೆಟ್ಟ ನೈಟ್ರೇಟ್ ಎಂಬ ಭೇದ ಅದಕ್ಕೆ ತಿಳಿಯದು. ಬ್ಯಾಕ್ಟೀರಿಯಾ, ಕೀಟನಾಶಕಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಆರ್ಸೆನಿಕ್ ಮಿತಿಯ ಹತ್ತು ಪಟ್ಟು ಇದ್ದರೂ, ಅಂದರೆ ಲೀಟರಿಗೆ 0.1 ಮಿಲಿಗ್ರಾಂ ಇದ್ದರೂ, ಪೂರ್ಣಾಂಕ ತೋರಿಸುವ ಮೀಟರಿನ ಅಂಕಿ ಅಲುಗದು. ವಿಶ್ವ ಆರೋಗ್ಯ ಸಂಸ್ಥೆ ಟಿಡಿಎಸ್‌ಗೆ ಆರೋಗ್ಯದ ದೃಷ್ಟಿಯಿಂದ ಮಿತಿಯನ್ನೇ ಹಾಕಿಲ್ಲ. ಲೀಟರಿಗೆ ಸುಮಾರು 600 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ರುಚಿ ಚೆನ್ನಾಗಿರುತ್ತದೆ, 1000 ದಾಟಿದರೆ ಕುಡಿಯಲು ಹಿತವೆನಿಸದು ಎಂದಷ್ಟೇ ಹೇಳುತ್ತದೆ.

ಮನೆಗೆ ಬರುವ ಮಾರಾಟಗಾರರು ತೋರಿಸುವ ಒಂದು ಪ್ರಯೋಗವನ್ನೂ ಇಲ್ಲಿ ಹೇಳಬೇಕು. ಎರಡು ಲೋಟಗಳಲ್ಲಿ ನಲ್ಲಿ ನೀರು ಮತ್ತು ಆರ್‌ಒ ನೀರನ್ನಿಟ್ಟು, ವಿದ್ಯುತ್ ಹರಿಯುವ ಲೋಹದ ಕಡ್ಡಿಗಳನ್ನು ಅದ್ದುತ್ತಾರೆ. ಒಂದೆರಡು ನಿಮಿಷದಲ್ಲಿ ನಲ್ಲಿ ನೀರು ಕಂದು ಬಣ್ಣದ ರಾಡಿಯಾಗುತ್ತದೆ, ಆರ್‌ಒ ನೀರು ಹಾಗೆಯೇ ಇರುತ್ತದೆ. ಆ ರಾಡಿ ನೀರಿನಲ್ಲಿ ಅಡಗಿದ್ದ ಕೊಳೆಯಲ್ಲ, ಕಬ್ಬಿಣದ ಕಡ್ಡಿಯೇ ಕರಗಿ ಬಿಟ್ಟ ತುಕ್ಕು. ಲವಣಗಳಿರುವ ನೀರಿನಲ್ಲಿ ವಿದ್ಯುತ್ ಹರಿದು ಕಡ್ಡಿ ಕರಗುತ್ತದೆ, ಲವಣ ಕಡಿಮೆಯಿರುವ ನೀರಿನಲ್ಲಿ ಹರಿಯುವುದಿಲ್ಲ. ಅದೇ ಆರ್‌ಒ ನೀರಿಗೆ ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೊಮ್ಮೆ ಕಡ್ಡಿ ಅದ್ದಲು ಹೇಳಿದರೆ ವಿಷಯ ಸ್ಪಷ್ಟವಾಗುತ್ತದೆ.

ಕಲ್ಮಶಕ್ಕೆ ತಕ್ಕ ವಿಧಾನ

ಮಣ್ಣು, ಮರಳು, ತುಕ್ಕಿನ ಕಣಗಳಿಗೆ ಐದು ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸುಮಾರಿನ ಸೆಡಿಮೆಂಟ್ ಫಿಲ್ಟರ್ ಸಾಕು, ಮತ್ತು ಯಾವ ಯಂತ್ರ ಕೊಂಡರೂ ಅದರ ಮುಂದೆ ಇದೊಂದು ಇರಲೇಬೇಕು. ಕ್ಲೋರಿನ್ನಿನ ಘಾಟು, ಕೆಟ್ಟ ವಾಸನೆ, ಹಲವು ಕೀಟನಾಶಕಗಳು ಮತ್ತಿತರ ಸಾವಯವ ರಾಸಾಯನಿಕಗಳಿಗೆ ಸಕ್ರಿಯ ಇದ್ದಿಲು ತಕ್ಕದ್ದು. ಹರಳಿನ ಇದ್ದಿಲಿಗಿಂತ ಒತ್ತಿ ಗಟ್ಟಿ ಮಾಡಿದ ಕಾರ್ಬನ್ ಬ್ಲಾಕ್ ಒಳ್ಳೆಯದು, ಏಕೆಂದರೆ ಹರಳುಗಳ ನಡುವೆ ನೀರು ತನ್ನದೇ ದಾರಿ ಮಾಡಿಕೊಂಡು ಇದ್ದಿಲಿಗೆ ತಾಗದೆ ಜಾರಿಕೊಳ್ಳಬಹುದು. ಗಡಸು ನೀರು ಸ್ನಾನಕ್ಕೆ, ಬಟ್ಟೆ ಒಗೆಯುವ ಯಂತ್ರಕ್ಕೆ ತೊಂದರೆ ಕೊಡುತ್ತಿದ್ದರೆ ಇಡೀ ಮನೆಗೆ ಸಾಫ್ಟನರ್ ಹಾಕಿಸಬಹುದು. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತದೆ, ರೋಗಾಣುಗಳಿಗೆ ಏನನ್ನೂ ಮಾಡುವುದಿಲ್ಲ.

ನೀರಿನಲ್ಲಿ ಲವಣ ಕಡಿಮೆಯಿದ್ದು ರೋಗಾಣುಗಳದ್ದೊಂದೇ ಭಯವಿದ್ದರೆ ಯುವಿ ಅಥವಾ ಯುಎಫ್ ಸಾಕು, ಆರ್‌ಒ ಬೇಕಿಲ್ಲ. ಯುಎಫ್ ಎಂದರೆ ಸುಮಾರು 0.01ರಿಂದ 0.1 ಮೈಕ್ರಾನ್ ರಂಧ್ರಗಳ ಟೊಳ್ಳು ನೂಲಿನ ಮೆಂಬ್ರೇನ್. ಅದಕ್ಕೆ ವಿದ್ಯುತ್ ಬೇಡ, ಬ್ಯಾಕ್ಟೀರಿಯಾಗಳನ್ನೂ ಜಿಯಾರ್ಡಿಯಾದಂಥ ಪರಾವಲಂಬಿಗಳನ್ನೂ ತಡೆಯುತ್ತದೆ, ಆದರೆ ರಂಧ್ರ ದೊಡ್ಡದಾದಷ್ಟೂ ವೈರಸ್‌ಗಳು ನುಸುಳುವ ಸಾಧ್ಯತೆ ಹೆಚ್ಚು. ಯುವಿ ದೀಪ ವೈರಸ್‌ಗಳ ಮೇಲೂ ಕೆಲಸ ಮಾಡುತ್ತದೆ, ಆದರೆ ನೀರು ತಿಳಿಯಾಗಿರಬೇಕು: ಕಣಗಳ ನೆರಳಿನಲ್ಲಿ ಅಡಗಿದ ರೋಗಾಣುವಿಗೆ ಬೆಳಕು ತಾಗುವುದಿಲ್ಲ. ಯುವಿಯ ಇನ್ನೊಂದು ಮಿತಿಯೆಂದರೆ ದೀಪವನ್ನು ದಾಟಿದ ನೀರಿಗೆ ಮುಂದೆ ಯಾವ ರಕ್ಷಣೆಯೂ ಉಳಿಯುವುದಿಲ್ಲ. ಕೊಳಕಾದ ತೊಟ್ಟಿಯಲ್ಲಿ ತುಂಬಿಟ್ಟರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಹೆಚ್ಚಿನ ಉಪ್ಪಿನಂಶ ವರದಿಯಲ್ಲಿ ಕಂಡರೆ ಆಗ ಆರ್‌ಒ ಕಡೆಗೆ ನೋಡಬೇಕು. 1959ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ಸಮುದ್ರದ ನೀರನ್ನು ಸಿಹಿ ಮಾಡಲೆಂದು ರೂಪಿಸಿದ ಮೆಂಬ್ರೇನಿನ ವಂಶವೇ ಇಂದು ಅಡುಗೆಮನೆಯ ಗೋಡೆಯಲ್ಲಿದೆ, ಮತ್ತು ಸಾಮಾನ್ಯ ಸಿಹಿನೀರಿಗೆ ಇಷ್ಟು ಬಲದ ಸಾಧನ ಅನಗತ್ಯವೆಂಬುದು ನನ್ನ ಅಭಿಪ್ರಾಯ. ಮನೆಯ ಹಳೆಯ ಮಾದರಿಯ ಯಂತ್ರಗಳು ಒಂದು ಲೀಟರ್ ಕೊಡಲು ಮೂರು ಲೀಟರಿನಷ್ಟು ನೀರನ್ನು ಹೊರಬಿಡುವುದು ಸಾಮಾನ್ಯ. ಹೊಸ ಯಂತ್ರಗಳಲ್ಲಿ ಅರ್ಧಕ್ಕರ್ಧ ಉಳಿಸುವಂಥವು ಇವೆ. ಆದರೆ ಅರ್ಧ ನೀರು ಮೆಂಬ್ರೇನಿನಾಚೆಗೆ ಹೋದಾಗ ಈಚೆ ಉಳಿದ ನೀರಿನಲ್ಲಿ ಲವಣ ಸುಮಾರು ಎರಡು ಪಟ್ಟಾಗುವುದರಿಂದ, ಬಹಳ ಗಡಸು ನೀರಿರುವ ಮನೆಯಲ್ಲಿ ಮೆಂಬ್ರೇನಿನ ಮೇಲೆ ಹೆಂಟೆ ಕಟ್ಟಿ ಅದು ಬೇಗ ಹಾಳಾಗಬಹುದು. ಹೊರಬಿಟ್ಟ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು. ಗಿಡಗಳಿಗೆ ದಿನವೂ ಹಾಕುತ್ತ ಹೋದರೆ ಮಣ್ಣಿನಲ್ಲಿ ಉಪ್ಪು ಕೂಡಿಕೊಳ್ಳುತ್ತದೆ.

ಆರ್‌ಒ ಕೊಳ್ಳುವವರು ಒಂದು ಪುಟ್ಟ ತಿರುಪಿನ ಬಗ್ಗೆ ಎಚ್ಚರವಹಿಸಬೇಕು. ನೀರು ತೀರಾ ಸಪ್ಪೆಯಾಗದಿರಲೆಂದು ಹಲವು ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಅದು ಮೆಂಬ್ರೇನನ್ನು ದಾಟದ ನೀರನ್ನು ಶುದ್ಧ ನೀರಿಗೆ ಒಂದಿಷ್ಟು ಬೆರೆಸುತ್ತದೆ. ಆ ನೀರು ಯುವಿ ದೀಪದ ಮುಂದೆ ಹಾದು ಬಂದಿರುವುದರಿಂದ ರೋಗಾಣುಗಳ ಭಯವಿಲ್ಲವೆಂದು ಹೇಳುತ್ತಾರೆ. ಆದರೆ ಯಾವ ಆರ್ಸೆನಿಕ್ ಅಥವಾ ಫ್ಲೋರೈಡಿಗಾಗಿ ಆರ್‌ಒ ಕೊಂಡೆವೋ ಅದೇ ಈ ಅಡ್ಡದಾರಿಯಿಂದ ಲೋಟಕ್ಕೆ ಮರಳಿ ಬರುತ್ತದೆ. ವರದಿಯಲ್ಲಿ ಇಂಥ ವಿಷ ಕಂಡಿದ್ದರೆ ಕಂಟ್ರೋಲರನ್ನು ಪೂರ್ತಿ ಮುಚ್ಚಿಸಬೇಕು, ಅಥವಾ ರುಚಿಗೆ ಖನಿಜವನ್ನು ಬೇರೆ ಕಾರ್ಟ್ರಿಡ್ಜಿನಿಂದ ಸೇರಿಸುವ ಯಂತ್ರವನ್ನು ಆರಿಸಬೇಕು. ಆರ್ಸೆನಿಕ್ಕಿನ ವಿಷಯದಲ್ಲಿ ಇನ್ನೊಂದು ತೊಡಕಿದೆ: ಅಂತರ್ಜಲದಲ್ಲಿ ಅದು ತ್ರಿವೇಲೆನ್ಸಿಯ (ಆರ್ಸೆನಿಕ್-3 ಎಂಬ) ರೂಪದಲ್ಲಿದ್ದರೆ ಮೆಂಬ್ರೇನ್ ಅದನ್ನು ಚೆನ್ನಾಗಿ ತಡೆಯುವುದಿಲ್ಲ, ಮೊದಲು ಉತ್ಕರ್ಷಣಕ್ಕೆ (ಆಕ್ಸಿಡೀಕರಣಕ್ಕೆ) ಒಳಪಡಿಸಬೇಕಾಗುತ್ತದೆ.

ಪೆಟ್ಟಿಗೆಯ ಮೇಲಿನ ಬರಹ

ಶೇ. 99 ರೋಗಾಣುಗಳ ನಾಶ ಎಂದರೆ ಹೆಚ್ಚೆನಿಸುತ್ತದೆ, ಆದರೆ ಹತ್ತು ಲಕ್ಷ ಬ್ಯಾಕ್ಟೀರಿಯಾಗಳಿರುವ ನೀರಿನಲ್ಲಿ ಅಷ್ಟು ನಾಶವಾದ ಮೇಲೂ ಹತ್ತು ಸಾವಿರ ಉಳಿದಿರುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1987ರಲ್ಲಿ ರೂಪಿಸಿದ ಮಾನದಂಡವು ರೋಗಾಣು ಶುದ್ಧೀಕರಣ ಸಾಧನವೊಂದು ಬ್ಯಾಕ್ಟೀರಿಯಾವನ್ನು ಶೇ. 99.9999, ವೈರಸ್ಸನ್ನು ಶೇ. 99.99, ಪರಾವಲಂಬಿ ಕೋಶಗಳನ್ನು ಶೇ. 99.9 ತಗ್ಗಿಸಬೇಕೆಂದು ಕೇಳುತ್ತದೆ. ಪೆಟ್ಟಿಗೆಯ ಮೇಲಿನ ಒಂಬತ್ತುಗಳನ್ನು ಎಣಿಸುವುದು ಹುಡುಗಾಟವಲ್ಲ. ಇಂಥ ಸಾಧನಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಎನ್‌ಎಸ್‌ಎಫ್ ಸಂಸ್ಥೆಯ ಪ್ರಮಾಣಪತ್ರವಿದ್ದರೆ ಅದರ ಸಂಖ್ಯೆಯನ್ನು ಓದಬೇಕು: 42 ಎಂದರೆ ರುಚಿ, ವಾಸನೆ, ಕ್ಲೋರಿನ್ನಿಗೆ ಮಾತ್ರ, 53 ಆರೋಗ್ಯಕ್ಕೆ ಹಾನಿ ಮಾಡುವ ಸೀಸದಂಥ ಕಲ್ಮಶಗಳಿಗೆ, 55 ಯುವಿಗೆ, 58 ಆರ್‌ಒಗೆ. 53 ಇದೆ ಎಂದ ಮಾತ್ರಕ್ಕೆ ಎಲ್ಲವನ್ನೂ ತೆಗೆಯುತ್ತದೆಂದಲ್ಲ, ನಮಗೆ ಬೇಕಾದ ಕಲ್ಮಶದ ಹೆಸರು ಆ ಪತ್ರದ ಪಟ್ಟಿಯಲ್ಲಿದೆಯೇ ಎಂದು ಹುಡುಕಬೇಕು.

ಯಂತ್ರದ ವೇಗವನ್ನೂ ಗಮನಿಸಬೇಕು. ಆರ್‌ಒ ಮೆಂಬ್ರೇನಿನ ಮೇಲೆ ದಿನಕ್ಕೆ 75 ಗ್ಯಾಲನ್ ಎಂದಿದ್ದರೆ ಅದು ಗಂಟೆಗೆ ಸುಮಾರು 12 ಲೀಟರ್ ಆಗುತ್ತದೆ, ಅದೂ ನೀರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿದ್ದು ಒತ್ತಡ ಸರಿಯಾಗಿದ್ದಾಗ. ಚಳಿಯಲ್ಲಿ ಧಾರೆ ಸಣ್ಣದಾದರೆ ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ.

ಕೊಂಡ ಮೇಲಿನ ಲೆಕ್ಕ

ಬೆಲೆಯನ್ನು ಹೋಲಿಸುವಾಗ ಯಂತ್ರದ ಬೆಲೆಗೆ ಐದು ವರ್ಷಗಳ ಕಾರ್ಟ್ರಿಡ್ಜ್, ದೀಪ, ಮೆಂಬ್ರೇನುಗಳ ಬೆಲೆಯನ್ನು ಕೂಡಿಸಿ ನೋಡಬೇಕು. ಅಗ್ಗದ ಯಂತ್ರ ಆ ಲೆಕ್ಕದಲ್ಲಿ ದುಬಾರಿಯಾಗುವುದುಂಟು. ಬಿಡಿಭಾಗಗಳು ಸಾಮಾನ್ಯ ಅಳತೆಯವೇ, ಅಥವಾ ಆ ತಯಾರಕರಿಂದ ಮಾತ್ರ ಸಿಗುವಂಥವೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಸಾಮರ್ಥ್ಯ ಮುಗಿದ ಇದ್ದಿಲಿನಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ, ಮತ್ತು ಆರ್‌ಒ ಮುಂದಿನ ಇದ್ದಿಲು ಸೋತರೆ ಕ್ಲೋರಿನ್ ನೇರವಾಗಿ ಮೆಂಬ್ರೇನನ್ನು ಸವೆಸುತ್ತದೆ. ಅಗ್ಗದ ಕಾರ್ಟ್ರಿಡ್ಜಿನಲ್ಲಿ ಉಳಿಸಿದ ಹಣ ದುಬಾರಿ ಮೆಂಬ್ರೇನಿನಲ್ಲಿ ಹೋಗುತ್ತದೆ. ಯುವಿಗೆ ಬಳಸುವ ಪಾದರಸದ ದೀಪ ಸುಮಾರು 9000 ಗಂಟೆ, ಅಂದರೆ ಸದಾ ಉರಿದರೆ ಒಂದು ವರ್ಷ ಬಾಳುತ್ತದೆ. ಆಮೇಲೂ ಅದು ನೀಲಿಯಾಗಿ ಉರಿಯುತ್ತಲೇ ಇರುತ್ತದೆ, ಆದರೆ ರೋಗಾಣುಗಳಿಗೆ ತಾಗುವ 254 ನ್ಯಾನೋಮೀಟರಿನ ಅದೃಶ್ಯ ಕಿರಣ ಕುಂದಿರುತ್ತದೆ. ಆದ್ದರಿಂದ ದೀಪವನ್ನು ನೋಡಿ ಅಲ್ಲ, ದಿನಾಂಕವನ್ನು ನೋಡಿ ಬದಲಿಸಬೇಕು.

ಟಿಡಿಎಸ್ ಮೀಟರು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಒಳಬರುವ ನೀರು 800, ಹೊರಬರುವ ನೀರು 60 ತೋರಿಸಿದರೆ ಮೆಂಬ್ರೇನ್ ಶೇ. 92.5 ತಡೆಯುತ್ತಿದೆ ಎಂದರ್ಥ. ಕಂಟ್ರೋಲರ್ ಮುಚ್ಚಿಟ್ಟು ತಿಂಗಳಿಗೊಮ್ಮೆ ಎರಡೂ ಅಂಕಿಗಳನ್ನು ಬರೆದಿಟ್ಟರೆ ಮೆಂಬ್ರೇನ್ ಸೋಲುತ್ತಿರುವುದು ಯಾರೂ ಹೇಳದೆಯೇ ಗೊತ್ತಾಗುತ್ತದೆ, ಮತ್ತು ಅಗತ್ಯವಿಲ್ಲದೆ ಬದಲಾಯಿಸಲು ಬರುವವರಿಗೆ ತೋರಿಸಲು ಲೆಕ್ಕವೂ ಇರುತ್ತದೆ.

ಹೊಸ ಮೆಂಬ್ರೇನ್ ಅಥವಾ ಇದ್ದಿಲು ಕೂಡಿಸಿದಾಗ ಮೊದಲ ತೊಟ್ಟಿ ನೀರನ್ನು ಚೆಲ್ಲಬೇಕು. ಒಂದೆರಡು ವಾರ ಬಳಸಿದ ಮೇಲೆ ಯಂತ್ರದ ನಲ್ಲಿಯಿಂದ ಮಾದರಿ ಹಿಡಿದು, ಮೊದಲು ಯಾವ ಕಲ್ಮಶ ಮಿತಿ ಮೀರಿತ್ತೋ ಅದೊಂದನ್ನು ಅದೇ ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷಿಸಬೇಕು. ಸಂಖ್ಯೆ ನಿರೀಕ್ಷೆಯಷ್ಟು ಇಳಿಯದಿದ್ದರೆ ಮೆಂಬ್ರೇನನ್ನು ದೂರುವ ಮೊದಲು ಅದರ ಕವಚವನ್ನು ಬಿಚ್ಚಿಸಿ, ತುದಿಯ ರಬ್ಬರ್ ಬಳೆಗಳು ಮಡಚಿಕೊಂಡಿವೆಯೇ, ಮೆಂಬ್ರೇನ್ ಪೂರ್ತಿ ಒಳಕ್ಕೆ ಕೂತಿದೆಯೇ ಎಂದು ಎದುರಿಗೇ ನೋಡಿ, ಸರಿಪಡಿಸಿದ ಮೇಲೆ ಇನ್ನೊಂದು ಮಾದರಿ ಕಳುಹಿಸಬೇಕು.